ಕಾರಿನ ಕೆಳಗೆ, ಕಾರಿನ ಒಳಗೆ

ಕಾರಿನ ಕೆಳಗೆ ಮಲಗುವುದಕ್ಕೆ ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಜ್ಯಾಕು ಕೊಟ್ಟು, ಗೋಣಿಚೀಲ ಹಾಸಿಕೊಂಡು, ಎಣ್ಣೆ ಸೋರುವ ಕಡೆ ಮುಖವೊಡ್ಡಿ ಮಲಗಿದರೆ ಯಾವ ಸಾವ್ಕಾರನೂ ಬೇಡ ಅನ್ನುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಅಲ್ಲೇ ಬಿದ್ದಿರಬಹುದು. ತೊಡಕು ಶುರುವಾಗುವುದು ಕಾರಿನ ಒಳಗೆ ಕೂರಬೇಕಾಗಿ ಬಂದಾಗ. ಬ್ರೇಕು, ಸೈಲೆನ್ಸರು ಇವಕ್ಕೆಲ್ಲ ಹೇಗೋ ಹೊರಗಿನಿಂದಲೇ ಮದ್ದು ಮಾಡಬಹುದು. ಆಟೋಮ್ಯಾಟಿಕ್ ಗೇರಿನ ಕಾಯಿಲೆ ಹಾಗಲ್ಲ. ಅದು ಓಡುವಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ. ಸ್ಟಿಯರಿಂಗ್ ಹಿಡಿದು, ಸೀಟಿಗೆ ಬೆನ್ನು ಕೊಟ್ಟು, ಆಕ್ಸಿಲರೇಟರಿನ ಮೇಲೆ ಕಾಲಿಟ್ಟು, ಗೇರು ಯಾವಾಗ ಬಿತ್ತು, ಎಷ್ಟು ತಡವಾಗಿ ಬಿತ್ತು ಎಂಬುದನ್ನು ಸೊಂಟದಿಂದ ತಿಳಿಯಬೇಕು.

ಹೋದ ಮಳೆಗಾಲದ ಕೊನೆಗೆ ನಮ್ಮ ಶೆಡ್ಡಿಗೆ ಬಂದ ಒಂದು ಕಾರಿನ ಕತೆ ಇದು. ನಾವು ಅಂದರೆ ಮೂವರು. ಅಣ್ಣ ತಮ್ಮ ಇಬ್ಬರು, ಜೊತೆಗೆ ಅಕ್ಕನ ಮಗ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯ ಪಕ್ಕ ನಮ್ಮದೊಂದು ತಗಡಿನ ಶೆಡ್ಡು. ನಮ್ಮಲ್ಲಿ ಒಬ್ಬರು ಐಟಿಐ ಓದಿದವರು, ಇನ್ನೊಬ್ಬರು ಬೆಂಗಳೂರಿನ ಗ್ಯಾರೇಜುಗಳಲ್ಲಿ ಹನ್ನೊಂದು ವರ್ಷ ಸವೆದು ಬಂದವರು. ಹುಡುಗ ಕಂಪ್ಯೂಟರ್ ಸ್ಕ್ಯಾನರು ಹಿಡಿಯುವುದನ್ನು ಫೋನಿನಲ್ಲಿ ವಿಡಿಯೋ ನೋಡಿಯೇ ಕಲಿತ.

ನಮ್ಮಪ್ಪ ಕಳಸದ ಕಡೆಯ ತೋಟವೊಂದರ ಕೂಲಿಲೈನಿನಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡವರು. ತೋಟದ ಕೂಲಿಗಾರರಿಗೆ ಮನೆ, ನೀರು, ಔಷಧಿ ಕೊಡಬೇಕೆಂದು 1951ರಲ್ಲೇ ಪ್ಲಾಂಟೇಶನ್ ಲೇಬರ್ ಕಾಯಿದೆ ಬಂತು. ನಮ್ಮ ಲೈನಿಗೆ ಅದರಲ್ಲಿ ಮನೆ ಒಂದು ಬಂತು, ಹಂಚು ಸೋರುವ ಮನೆ. ಆ ತೋಟದ ಸಾವ್ಕಾರರ ಬಳಿ ವಿಲ್ಲಿಸ್ ಜೀಪಿತ್ತು. ಮಳೆಗಾಲದಲ್ಲಿ ಜೀಪು ಕೆಸರಿನಲ್ಲಿ ಹೂತರೆ ಮೇಸ್ತ್ರಿ ಲೈನಿನ ಮುಂದೆ ನಿಂತು ಕೂಗುವನು. ಹತ್ತಾಳು ಓಡಿ ಹೋಗಿ ಹೆಗಲು ಕೊಟ್ಟು ತಳ್ಳಬೇಕು. ಚಕ್ರ ಎರಚಿದ ಕೆಸರನ್ನು ಮುಖದಿಂದ ಒರೆಸಿಕೊಳ್ಳುವಷ್ಟರಲ್ಲಿ ಜೀಪು ಮುಂದಿನ ತಿರುವು ದಾಟಿರುತ್ತಿತ್ತು. ತಳ್ಳಿದವರು ಹಿಂದಿನಿಂದ ನಡೆದು ಬರುವುದು. ಆಮೇಲೆ ಬಂಗಲೆಯ ಹಿತ್ತಲಲ್ಲಿ ಕರಟ ಹಿಡಿದು ನಿಂತರೆ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಅಪ್ಪ ಆ ಜೀಪನ್ನು ತಳ್ಳಿದಷ್ಟು ದೂರ ಅದರಲ್ಲಿ ಕೂತು ಹೋದವರಲ್ಲ.

ಈಗ ಕಾರಿನ ವಿಷಯ. 2024ರಿಂದೀಚೆಗೆ ಕಾಫಿ ದರ ಹಿಂದೆಂದೂ ಕಾಣದಷ್ಟು ಏರಿದ್ದು ಓದುಗರಿಗೆ ಗೊತ್ತಿದೆ. ಅದೇ ಲೆಕ್ಕದಲ್ಲಿ ಕೂಲಿ ಏರಿತೇ ಎಂದು ಮಾತ್ರ ಕೇಳಬೇಡಿ. ಏರಿದ್ದು ನಮ್ಮ ರಸ್ತೆಯ ಮೇಲಿನ ಕಾರುಗಳ ಸದ್ದು. ಈ ಸೀಮೆಯ ತೋಟದ ಮನೆಗಳಿಗೆ ಕಾರಿನ ಹುಚ್ಚು ಹೊಸದೇನಲ್ಲ. ಚಿಕ್ಕಮಗಳೂರಿನ ತೋಟದ ಮಣ್ಣು ದಾರಿಗಳಲ್ಲಿ ವರ್ಷ ವರ್ಷ ರ್‍ಯಾಲಿ ನಡೆಯುತ್ತಿತ್ತು. 2016ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿಯ ಭಾರತದ ಸುತ್ತು ನಡೆದದ್ದೂ ಇಲ್ಲೇ. ಗೌರವ್ ಗಿಲ್ ಎಂಬ ಚಾಲಕ ಸ್ಕೋಡಾ ಫಾಬಿಯಾ ಓಡಿಸಿ ಆ ವರ್ಷದ ಪ್ರಶಸ್ತಿ ಗೆದ್ದ. ನಮ್ಮ ಹುಡುಗ ಆಗ ಶಾಲೆಗೆ ಚಕ್ಕರ್ ಹಾಕಿ, ಗಿಡಗಳ ನಡುವೆ ನಿಂತು, ಧೂಳು ಕುಡಿದು ನೋಡಿ ಬಂದಿದ್ದ. ಅಂಥ ರ್‍ಯಾಲಿ ಕಾರಿನಲ್ಲಿ ಗೇರನ್ನು ಚಾಲಕನೇ ಸನ್ನೆ ಎಳೆದು ಹಾಕುತ್ತಾನೆ. ಅದನ್ನು ನೋಡಿ ಬಂದ ತೋಟದ ಮಕ್ಕಳು ಮಾತ್ರ ಆಟೋಮ್ಯಾಟಿಕ್ ಕಾರು ಕೊಂಡು, ಇಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಾಯಿಸಿ, ಸೈಲೆನ್ಸರು ಕಿತ್ತು ದೊಡ್ಡ ಕೊಳವೆ ಹಾಕಿಸಿ, ಚಾರ್ಮಾಡಿ ಘಾಟಿಯಲ್ಲಿ ಗಿಲ್ ಆಗಲು ಹೋಗುತ್ತಾರೆ.

ಬಂದದ್ದು ಅಂಥದ್ದೇ ಒಂದು ಕಾರು. ಟರ್ಬೋ ಪೆಟ್ರೋಲ್ ಇಂಜಿನ್ನು, ಆರು ಗೇರಿನ ಆಟೋಮ್ಯಾಟಿಕ್. ತೋಟದ ಹೆಸರನ್ನೂ ಯಜಮಾನರ ಹೆಸರನ್ನೂ ಬರೆಯುವುದಿಲ್ಲ. ಕಾರು ನಿಲ್ಲಿಸಿ ಇಳಿದವರೇ ಹುಡುಗನ ಕಡೆ ಬೆರಳು ತೋರಿಸಿ, "ಹದಿನೈದು ದಿನದ ಕೆಳಗೆ ಬ್ರೇಕ್ ಪ್ಯಾಡ್ ಹಾಕೋಕೆ ಕೊಟ್ಟಿದ್ನಲ್ಲ, ಅವತ್ತು ಇವನೇ ಅಂಗಳದಲ್ಲಿ ತಿರುಗಿಸಿದ್ದು. ಅವತ್ತಿಂದ ಗೇರು ಸತ್ತೋಗಿದೆ. ಹೊಸಾ ಪೆಟ್ಟಿಗೆಗೆ ಮೂರು ಲಕ್ಷ ಅಂತೆ. ಯಾರ್ ಕೊಡ್ತೀರೋ ನೋಡಿ" ಅಂದರು.

ಮೂರು ಲಕ್ಷಕ್ಕೆ ನಮ್ಮ ಶೆಡ್ಡು, ಅದರೊಳಗಿನ ಸಾಮಾನು, ಮೂವರನ್ನೂ ಸೇರಿಸಿ ಮಾರಿದರೂ ಸಾಲದು. ಹುಡುಗ ಬೆವತುಹೋದ. ಅವನು ಅವತ್ತು ಕಾರನ್ನು ಒಂದಿಪ್ಪತ್ತು ಅಡಿ ಹಿಂದಕ್ಕೆ ತಂದದ್ದು ನಿಜ. ಅದನ್ನೂ ಸೀಟಿನ ತುದಿಯಲ್ಲಿ ಕೂತು ತಂದಿದ್ದ.

"ಸರ್, ಒಂದ್ಸಲ ಓಡಿಸಿ ನೋಡಿ ಹೇಳ್ತೀವಿ" ಅಂದೆವು. ಅದಕ್ಕವರು, "ನಾನೇ ಓಡಿಸ್ತೀನಿ, ನೀವು ಬೈಕಲ್ಲಿ ಹಿಂದಿಂದ ಬಂದು ನೋಡ್ಕಳಿ" ಅಂದರು.

ಗೆಳೆಯರೆ, ಗೇರು ತಡವಾಗಿ ಬೀಳುವುದನ್ನು ಬೈಕಿನಲ್ಲಿ ಹಿಂದೆ ಬಂದು ನೋಡುವುದು ಅಂದರೆ, ರೋಗಿಯನ್ನು ಬಸ್ಸಿನಲ್ಲಿ ಕೂರಿಸಿ ಡಾಕ್ಟರು ಬಸ್ಸಿನ ಹಿಂದೆ ಓಡುತ್ತ ನಾಡಿ ನೋಡಿದ ಹಾಗೆ. ಆದರೂ ಹೋದೆವು. ಕಾರಿನ ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ನಮ್ಮ ಸ್ಕ್ಯಾನರಿನ ಗುಂಡಿ ಸಿಕ್ಕಿಸಿದ್ದಾಯಿತು. ಅದು ಬ್ಲೂಟೂತಿನಲ್ಲಿ ಫೋನಿಗೆ ಸುದ್ದಿ ಕಳಿಸುತ್ತದೆ. ಬೈಕಿನ ಹಿಂದೆ ಕೂತ ಹುಡುಗನ ಕೈಯಲ್ಲಿದ್ದ ಫೋನಿಗೆ ಮೊದಲ ತಿರುವಿನಲ್ಲೇ ಸುದ್ದಿ ಕಡಿದುಹೋಯಿತು. ವಾಪಸು ಬಂದು ಹೇಳಿದೆವು. "ಹಂಗಾದ್ರೆ ಫೋನ್ ಕೊಡು, ಒಳಗೆ ಇಟ್ಕಳ್ತೀನಿ" ಅಂದರು. ಹುಡುಗನ ಫೋನು ಪಕ್ಕದ ಚರ್ಮದ ಸೀಟಿನ ಮೇಲೆ ಕೂತು ಕೊಟ್ಟಿಗೆಹಾರಕ್ಕೆ ಹೋಯಿತು. ನಾವು ಜಿಟಿಜಿಟಿ ಮಳೆಯಲ್ಲಿ ಬೈಕಿನಲ್ಲಿ ಹೋದೆವು.

ಅವರು ಜಾತಿ ಎತ್ತಲಿಲ್ಲ. ಈಗ ಯಾರೂ ಎತ್ತುವುದಿಲ್ಲ. "ಗ್ರೀಸ್ ಆಗ್ತದೆ ಕಣೋ, ಲೆದರು" ಅನ್ನುತ್ತಾರೆ. ಸೀಟಿಗೆ ಕವರು ಹಾಕುವುದು ಗ್ಯಾರೇಜಿನ ಪದ್ಧತಿ. ಕಂಪನಿಯ ಸರ್ವಿಸ್ ಸೆಂಟರಿನವರೂ ಹಾಕುತ್ತಾರೆ, ನಾವೂ ಎಲ್ಲರ ಕಾರಿಗೂ ಹಾಕುತ್ತೇವೆ, ಅದರಲ್ಲಿ ಅವಮಾನ ಇಲ್ಲ. ಅವತ್ತೂ ಒಗೆದ ಬಟ್ಟೆ ಹಾಸುತ್ತೇವೆ ಅಂದೆವು, ಅಂಗಿ ಬದಲಾಯಿಸುತ್ತೇವೆ ಅಂದೆವು. ಒಪ್ಪಲಿಲ್ಲ. ಇದೇ ಸೀಟಿನಲ್ಲಿ, ಇಂಜಿನ್ನಿನ ಲೆಕ್ಕ ಬದಲಾಯಿಸಿಕೊಟ್ಟ ಪೇಟೆಯವನು ಕೂತು ಚಿಪ್ಸು ತಿಂದ ಚೂರುಗಳು ಇನ್ನೂ ಸಂದಿನಲ್ಲಿದ್ದವು. 1955ರ ಕಾಯಿದೆ ಇದೆ, 1989ರ ಕಾಯಿದೆ ಇದೆ. ಫೋನು ಕೂರಬಹುದು, ಫೋನಿನವನು ಕೂರಬಾರದು ಎಂಬುದನ್ನು ಯಾವ ಕಲಮಿನ ಕೆಳಗೆ ಬರೆದು ಕೊಡುವುದು?

ಫೋನು ಮಾತ್ರ ನಿಯತ್ತಿನ ಸಾಕ್ಷಿ. ಅದರಲ್ಲಿ ದಾಖಲಾದದ್ದನ್ನು ಹೇಳುವ ಮೊದಲು ಈ ಪೆಟ್ಟಿಗೆಯೊಳಗೆ ಏನಿದೆ ಎಂದು ಹೇಳಬೇಕು. ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಿಕೊಟ್ಟರೆ ನಮಗೆ ಸಂತೋಷ. ಎರಡು ಟೇಬಲ್ ಫ್ಯಾನನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಇದ್ದರೆ ಅದೇ ಟಾರ್ಕ್ ಕನ್ವರ್ಟರ್. ಇಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ಚಿನ ಪೆಡಲಿಲ್ಲದೆ ಬಲ ದಾಟುವುದು ಹೀಗೆ. ಅದರ ಹಿಂದೆ ಹಲ್ಲಿನ ಚಕ್ರಗಳು, ಅವನ್ನು ಹಿಡಿಯುವ ಬಿಡುವ ಕ್ಲಚ್ ತಟ್ಟೆಗಳು. ಅಕ್ಕಿರೊಟ್ಟಿ ಒಂದರ ಮೇಲೊಂದು ಪೇರಿಸಿದಂತೆ ತಟ್ಟೆಗಳಿರುತ್ತವೆ. ಎಣ್ಣೆಯ ಒತ್ತಡ ಅವನ್ನು ಅದುಮಿದಾಗ ಒಂದು ಗೇರು, ಬಿಟ್ಟು ಇನ್ನೊಂದು ಪೇರಿಯನ್ನು ಅದುಮಿದಾಗ ಮತ್ತೊಂದು ಗೇರು. ಎಲ್ಲವೂ ಎಣ್ಣೆಯ ಒತ್ತಡದ ಮೇಲೆ. ಒತ್ತಡ ಕಡಿಮೆಯಾದರೆ ತಟ್ಟೆಗಳು ಕಚ್ಚಿ ಹಿಡಿಯದೆ ಜಾರುತ್ತವೆ, ಜಾರಿದರೆ ಸುಡುತ್ತವೆ. ಒಳಗೆ ಕೂತವನಿಗೆ ಆಗ ಗೇರು ನಿಧಾನ ಅನಿಸುತ್ತದೆ. ಇಂಜಿನ್ನು ಅರಚುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಎಷ್ಟು ಒತ್ತಡ ಕೊಡಬೇಕೆಂದು ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಇಂಜಿನ್ನಿನ ಕಂಪ್ಯೂಟರು ಗೇರಿನ ಕಂಪ್ಯೂಟರಿಗೆ ಕ್ಷಣಕ್ಷಣವೂ "ಈಗ ಇಷ್ಟು ಬಲ ಕಳಿಸುತ್ತಿದ್ದೇನೆ" ಎಂದು ವರದಿ ಕೊಡುತ್ತದೆ. ಆ ವರದಿ ನಂಬಿ ಪೆಟ್ಟಿಗೆ ತನ್ನ ಹಿಡಿತ ಬಿಗಿ ಮಾಡುತ್ತದೆ. ಗೇರು ಬದಲಾಗುವ ಗಳಿಗೆಯಲ್ಲಿ "ಒಂದಿಷ್ಟು ಸಡಿಲ ಬಿಡು" ಎಂದು ಇಂಜಿನ್ನನ್ನು ಕೇಳಿಕೊಳ್ಳುವುದೂ ಉಂಟು. ಫೋನಿನ ದಾಖಲೆಯಲ್ಲಿ ಕಂಡದ್ದು ಇದು: ಯಜಮಾನರು ಆಕ್ಸಿಲರೇಟರು ತುಳಿದಾಗಲೆಲ್ಲ ಟರ್ಬೋ ಒತ್ತಡ ಮೇಲೆ ಮೇಲೆ ಏರುತ್ತದೆ, ಆದರೆ ಪೆಟ್ಟಿಗೆಗೆ ಹೋಗುವ ವರದಿಯ ಅಂಕಿ 250 ನ್ಯೂಟನ್ ಮೀಟರಿಗೆ ಬಂದು ನಿಂತುಬಿಡುತ್ತದೆ. ಅದು ಕಂಪನಿಯ ಲೆಕ್ಕ. ಲೆಕ್ಕ ಬದಲಾಯಿಸಿದವನು ಕೊಟ್ಟ ಕಾಗದವನ್ನು ಯಜಮಾನರೇ ಹೆಮ್ಮೆಯಿಂದ ತೋರಿಸಿದ್ದರು, ಅದರಲ್ಲಿ 340 ಎಂದಿತ್ತು. ಇಂಜಿನ್ನಿಗೆ ಬಲ ಹೆಚ್ಚಿಸಿದವನು ಪೆಟ್ಟಿಗೆ ತಂಟೆ ಮಾಡಬಾರದೆಂದು ವರದಿಯನ್ನು ಹಳೆಯ ಅಂಕಿಗೇ ಕಟ್ಟಿಹಾಕಿದ್ದ. ಹೊರುವವನ ತಲೆಯ ಮೇಲೆ ನಲವತ್ತು ಸೇರು ಹೆಚ್ಚಿಗೆ ಇಟ್ಟು, ಚೀಟಿಯಲ್ಲಿ ಹಳೇ ತೂಕವನ್ನೇ ಬರೆದ ಹಾಗೆ. ಕೊಯ್ಲಿನ ದಿನಗಳಲ್ಲಿ ಹಣ್ಣು ತೂಗುವ ರೈಟರನ ಮುಂದೆ ಸಾಲು ನಿಂತ ನಮ್ಮವ್ವಂದಿರಿಗೆ ಈ ಕಂಪ್ಯೂಟರಿನ ವಿದ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ಎಲ್ಲ ಕಡೆಯೂ ಜಾರಬೇಕಿತ್ತು. ಯಜಮಾನರು ಹೇಳಿದ್ದು ಬೇರೆ. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ಜಾಸ್ತಿ, ಅದರಲ್ಲೂ ತಿರುವುಗಳಲ್ಲಿ. ಬಯಲಿನಲ್ಲಿ ಕಡಿಮೆ. ಇದು ಕೇಳಿದ ಕೂಡಲೇ ನಮ್ಮಲ್ಲಿ ಹಿರಿಯರು "ಎಣ್ಣೆ ಕಮ್ಮಿ ಇದೆ" ಅಂದರು. ತಟ್ಟೆಯಲ್ಲಿ ಸಾರು ಕಡಿಮೆ ಇದ್ದು ತಟ್ಟೆ ಓರೆ ಮಾಡಿದರೆ ಒಂದು ಕಡೆ ಖಾಲಿಯಾಗುತ್ತದಲ್ಲ, ಹಾಗೆ ಏರಿನಲ್ಲಿ ತಿರುವಿನಲ್ಲಿ ಎಣ್ಣೆ ಓಡಿ ಒಂದು ಮೂಲೆ ಸೇರುತ್ತದೆ. ಪಂಪು ಎಣ್ಣೆಯ ಬದಲು ಗಾಳಿ ಹೀರುತ್ತದೆ. ಗಾಳಿಗೆ ತಟ್ಟೆ ಅದುಮುವ ಶಕ್ತಿ ಇಲ್ಲ.

ಈ ಪೆಟ್ಟಿಗೆಗೆ ಅಳತೆಯ ಕಡ್ಡಿ ಇಲ್ಲ. ಎಣ್ಣೆಯ ಶಾಖ 40 ಡಿಗ್ರಿಯ ಆಸುಪಾಸು ಇರುವಾಗ, ಇಂಜಿನ್ನು ಚಾಲೂ ಇಟ್ಟು, ಕೆಳಗಿನ ಬಿರಡೆ ಬಿಚ್ಚಬೇಕು. ಹನಿಹನಿಯಾಗಿ ತೊಟ್ಟಿಕ್ಕಿದರೆ ಸರಿ. ಕಾರು ಬಿಸಿಯಾಗಿತ್ತು. ಆರುವವರೆಗೆ ಕಾಯುವುದು ಎಂದಾಯಿತು. ಯಜಮಾನರು ಎದುರಿನ ಅಂಗಡಿಯಲ್ಲಿ ಕೂತರು. ನಾವು ಗೋಣಿಚೀಲದ ಮೇಲೆ ಕೂತೆವು. ಹುಡುಗ ಇನ್ನೂ ಮೂರು ಲಕ್ಷದ ಗುಂಗಿನಲ್ಲಿದ್ದ. ಅವನ ಮನಸ್ಸು ತಿರುಗಿಸಲೆಂದು ಒಬ್ಬ ಮನುಷ್ಯನ ವಿಷಯ ಹೇಳಿದೆವು, ಇಲ್ಲಿಯೂ ಹೇಳುತ್ತೇವೆ.

ಅಮೆರಿಕದಲ್ಲಿ ರಿಚರ್ಡ್ ಸ್ಪೈಕ್ಸ್ ಎಂಬ ಕರಿಯ ಜನಾಂಗದವನಿದ್ದ. 1932ರಲ್ಲಿ ಆಟೋಮ್ಯಾಟಿಕ್ ಗೇರು ಬದಲಾವಣೆಯ ಒಂದು ಸಾಧನಕ್ಕೆ ಅವನಿಗೆ ಪೇಟೆಂಟ್ ಸಿಕ್ಕಿತು. ಆಟೋಮ್ಯಾಟಿಕ್ ಗೇರನ್ನು ಅವನೊಬ್ಬನೇ ಕಂಡುಹಿಡಿದ ಎಂದು ಹೇಳುವವರಿದ್ದಾರೆ. ಅದು ಅತಿಯಾಯಿತು. ಅವನಿಗಿಂತ ಮೊದಲೂ ಹಲವರು ಯತ್ನಿಸಿದ್ದರು, ಕಾರಿನಲ್ಲಿ ಇಟ್ಟು ದೊಡ್ಡ ಪ್ರಮಾಣದಲ್ಲಿ ಮಾರಿದ್ದು ಜನರಲ್ ಮೋಟರ್ಸ್ ಕಂಪನಿ, 1939ರಲ್ಲಿ, ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ. ನಮ್ಮವರ ಹೆಸರನ್ನು ಮೇಲೆತ್ತಲು ಸುಳ್ಳು ಸೇರಿಸಬೇಕಾಗಿಲ್ಲ. ನಿಜದಷ್ಟೇ ಸಾಕು. ಬಿಳಿಯರ ಪಕ್ಕ ಬಸ್ಸಿನಲ್ಲಿ ಕೂರಲು ಬಿಡದ ಊರುಗಳಿದ್ದ ದೇಶದಲ್ಲಿ ಒಬ್ಬ ಕರಿಯ ಗೇರಿನ ಪೆಟ್ಟಿಗೆಯ ಒಳಗನ್ನು ಕಾಗದದ ಮೇಲೆ ಬಿಡಿಸಿ ತನ್ನ ಹೆಸರು ಬರೆಸಿಕೊಂಡ. ಅದೇ 1932ರ ಸೆಪ್ಟೆಂಬರಿನಲ್ಲಿ ಇಲ್ಲಿ ಯೆರವಾಡ ಜೈಲಿನಲ್ಲಿ ಪೂನಾ ಒಪ್ಪಂದಕ್ಕೆ ಬಾಬಾಸಾಹೇಬರು ಸಹಿ ಹಾಕಬೇಕಾಗಿ ಬಂದಿತ್ತು. ಹುಡುಗ ಕೇಳಿದ್ದು ಒಂದೇ ಮಾತು: "ಅವನು ಆ ಕಾರು ಓಡಿಸಿದ್ನಾ ಮಾವ?"

ಶಾಖ ಇಳಿಯಿತು. ಬಿರಡೆ ಬಿಚ್ಚಿದರೆ ಒಂದು ಹನಿಯೂ ಬರಲಿಲ್ಲ. ತುಂಬಿಸುತ್ತ ಹೋದಾಗ ಮುಕ್ಕಾಲು ಲೀಟರು ಹಿಡಿಯಿತು, ಆಮೇಲೆ ಹನಿಯತೊಡಗಿತು. ಯಜಮಾನರನ್ನು ಕರೆದು ತೋರಿಸಿ, ಈ ಎಣ್ಣೆ ಯಾವಾಗ ಬದಲಾಯಿಸಿದ್ದು ಎಂದು ಕೇಳಿದೆವು. ಮೂರು ತಿಂಗಳ ಹಿಂದೆ, ದೂರದ ಪೇಟೆಯೊಂದರಲ್ಲಿ. ಘಾಟಿ ಇಳಿದು ಹೋದ ಕಾರನ್ನು ಆರಲು ಬಿಡದೆ ಅಲ್ಲೇ ಬಿಚ್ಚಿ ಅಳೆದಿರಬೇಕು. ಎಣ್ಣೆ ಬಿಸಿಯಲ್ಲಿ ಉಬ್ಬಿರುತ್ತದೆ, ಹೆಚ್ಚಾದಂತೆ ಕಂಡು ಹೊರಗೆ ಸುರಿಯುತ್ತದೆ. ತಣಿದ ಮೇಲೆ ಒಳಗಿರುವುದು ಕಡಿಮೆ. ಆಮೇಲೆ ಕೆಳಗಿನ ತಟ್ಟೆ ಇಳಿಸಿದೆವು. ಎಣ್ಣೆ ಕರ್ರಗೆ, ಸುಟ್ಟ ವಾಸನೆ. ತಟ್ಟೆಯೊಳಗಿನ ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣುಪು ಹಿಟ್ಟು ಬೆರಳಿನಷ್ಟು ದಪ್ಪ ಕೂತಿತ್ತು. ಕಬ್ಬಿಣದ ಚೂರು ಇರಲಿಲ್ಲ, ಅಂದರೆ ಹಲ್ಲು ಮುರಿದಿಲ್ಲ, ಪೆಟ್ಟಿಗೆಗೆ ಇನ್ನೂ ಜೀವ ಇದೆ. ಆ ಹಿಟ್ಟನ್ನು ಬಿಳೀ ಕಾಗದದ ಮೇಲೆ ಸವರಿ, "ಇದು ಇಪ್ಪತ್ತಡಿ ಹಿಂದಕ್ಕೆ ತಂದ್ರೆ ಆಗೋದಲ್ಲ ಸರ್, ತಿಂಗಳುಗಟ್ಲೆ ಜಾರಿದ್ರೆ ಆಗೋದು" ಅಂದೆವು. ಅವರು ಕಾಗದವನ್ನು ಒಂದಷ್ಟು ಹೊತ್ತು ನೋಡಿದರು. "ಸರಿ ಬಿಡು" ಅಂದರು. ಹುಡುಗನ ಕಡೆ ನೋಡಲಿಲ್ಲ. ಮೂರು ಲಕ್ಷದ ಮಾತು ಅಲ್ಲಿಗೆ ಹೋಯಿತು, ಕ್ಷಮೆಯ ಮಾತು ಬರಲಿಲ್ಲ.

ಹೊಸ ಎಣ್ಣೆ, ಹೊಸ ಸೋಸುಜಾಲರಿ ಹಾಕಿದೆವು. ಇಂಜಿನ್ನಿನ ಲೆಕ್ಕವನ್ನು ಕಂಪನಿಯದಕ್ಕೇ ವಾಪಸು ತರಿಸಿದೆವು. ಅದಕ್ಕೆ ಯಜಮಾನರು ಒಪ್ಪಲು ಎರಡು ದಿನ ಬೇಕಾಯಿತು. ಉಳಿದದ್ದು ಒಂದೇ ಕೆಲಸ, ಪೆಟ್ಟಿಗೆಗೆ ಕಲಿಸುವುದು. ಈ ಪೆಟ್ಟಿಗೆಗಳು ಓಡಿಸುವವನ ಕಾಲಿನ ರೀತಿಯನ್ನೂ ತಟ್ಟೆಗಳ ಸವೆತವನ್ನೂ ನೋಡಿ ನೋಡಿ ತಮ್ಮ ಹಿಡಿತ ತಿದ್ದಿಕೊಳ್ಳುತ್ತವೆ. ಗಾಳಿ ಹೀರಿದ ದಿನಗಳಲ್ಲಿ ಕಲಿತದ್ದೆಲ್ಲ ತಪ್ಪು ಪಾಠ. ಅದನ್ನು ಸ್ಕ್ಯಾನರಿನಿಂದ ಅಳಿಸಿ, ಎಣ್ಣೆ ಬಿಸಿಯಾದ ಮೇಲೆ, ಸಮ ರಸ್ತೆಯಲ್ಲಿ, ಕಾಲನ್ನು ಹಗುರ ಇಟ್ಟು, ಒಂದರಿಂದ ಆರರವರೆಗೆ ಏರಿಸಬೇಕು. ಹಾಗೆಯೇ ಉರುಳಲು ಬಿಟ್ಟು ನಿಲ್ಲಿಸಬೇಕು, ಮತ್ತೆ ಏರಿಸಬೇಕು. ಹತ್ತು ಹನ್ನೆರಡು ಸಲ.

"ನಾನೇ ಮಾಡ್ತೀನಿ" ಅಂದರು. ಹೋಗಿ ಬಂದರು. ಅವರ ಕಾಲಿಗೆ ಗೊತ್ತಿರುವುದು ಎರಡೇ, ಪೂರ್ತಿ ಒತ್ತುವುದು, ಪೂರ್ತಿ ಬಿಡುವುದು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಒದೆಯಲು ಶುರುವಾಗಿತ್ತು. ಮತ್ತೆ ಅಳಿಸಿದೆವು. ಮತ್ತೆ ಹೋದರು. ಮತ್ತೆ ಅದೇ. ಆಗ ನಮ್ಮಲ್ಲಿ ಹಿರಿಯರು ಕೈ ಒರೆಸಿಕೊಂಡು ಎದ್ದು ನಿಂತು ಹೇಳಿದರು: "ಸರ್, ಇದು ನಮ್ ಹುಡುಗ ಕೂತು ಓಡಿಸಿದ್ರೆ ಮಾತ್ರ ಆಗೋ ಕೆಲಸ. ಇಲ್ಲ ಅಂದ್ರೆ ಹಿಂಗೇ ತಗಂಡೋಗಿ." ನಮ್ಮಪ್ಪ ಇಂಥ ಮನೆಯವರನ್ನು ಅಯ್ಯಾ ಅನ್ನುತ್ತಿದ್ದರು. ನಾವು ಸರ್ ಅನ್ನುತ್ತೇವೆ. ಇಷ್ಟು ದೂರ ಬರಲು ಇಷ್ಟು ವರ್ಷ ಹಿಡಿದಿದೆ.

ಅವರು ಡಿಕ್ಕಿಯಿಂದ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದು ಸೀಟಿಗೆ ಹಾಸಿದರು. ಗೊಬ್ಬರದ ಮೂಟೆ ತರುವಾಗ ಹಾಸುವಂಥದ್ದು. ಹುಡುಗ ಕೂತ, ಎದ್ದ. "ಇದರ ಮೇಲೆ ಮೈ ಜಾರ್ತದೆ ಸರ್. ಮೈ ಜಾರಿದ್ರೆ ಕಾಲು ಹದದಲ್ಲಿ ನಿಲ್ಲಲ್ಲ" ಎಂದು ಹಾಳೆಯನ್ನು ತೆಗೆದು, ಮಡಚಿ, ಅವರ ಕೈಗೇ ಕೊಟ್ಟ. ಅವನು ಹೇಳಿದ್ದು ಬರೀ ಮೆಕ್ಯಾನಿಕ್ಕಿನ ಮಾತು. ಅದರಲ್ಲಿ ಸುಳ್ಳಿರಲಿಲ್ಲ. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಯಜಮಾನರು ಹಾಳೆ ಹಿಡಿದುಕೊಂಡು ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು.

ಬೇಲೂರಿನ ಕಡೆಯ ರಸ್ತೆಯಲ್ಲಿ ಎರಡು ಗಂಟೆ. ಹಿಂದಿನ ಸೀಟಿನಲ್ಲಿ ನಮ್ಮಲ್ಲಿ ಒಬ್ಬರು ಫೋನು ಹಿಡಿದು ಅಂಕಿ ಓದುತ್ತಿದ್ದೆವು. ಆರನೆಯ ಸುತ್ತಿಗೆ ಗೇರು ಬೀಳುವುದು ತಿಳಿಯದಾಯಿತು. ಯಜಮಾನರು ತಡೆಯಲಾರದೆ ಕೇಳಿದರು: "ಇಷ್ಟು ಮೆತ್ತಗೆ ಓಡಿಸೋದು ಎಲ್ಲಿ ಕಲ್ತೆ?"

"ಲೈನಿಂದ ಬಸುರಿ ಹೆಂಗಸ್ರನ್ನ ಮೂಡಿಗೆರೆ ಆಸ್ಪತ್ರೆಗೆ ಜೀಪಲ್ಲಿ ಕರ್ಕಂಡ್ ಬರ್ತಿದ್ದೆ ಸರ್. ಒಂದ್ಸಲ ಒದ್ರೂ ಅಳ್ತಿದ್ರು."

ಅವರು ಮತ್ತೇನೂ ಕೇಳಲಿಲ್ಲ.

ಬಿಲ್ಲು ಬರೆದೆವು. ಎಣ್ಣೆ, ಜಾಲರಿ, ಬಿಚ್ಚಿ ಜೋಡಿಸಿದ ಕೂಲಿ, ಕೊನೆಗೆ "ಓಡಿಸಿ ಕಲಿಸಿದ್ದು, ಎರಡು ಗಂಟೆ, 800 ರೂಪಾಯಿ". "ನನ್ ಕಾರಲ್ಲಿ ಕೂತು ತಿರುಗಿದ್ದಕ್ಕೂ ದುಡ್ಡಾ?" ಎಂದು ಆ ಸಾಲಿಗೆ ಗೆರೆ ಎಳೆದು ಉಳಿದದ್ದನ್ನು ಕೊಟ್ಟರು. ಗೆರೆ ಎಳೆದ ಬಿಲ್ಲನ್ನು ಹುಡುಗ ಮೊಳೆಗೆ ಸಿಕ್ಕಿಸಿಟ್ಟಿದ್ದಾನೆ.

ಮೂರು ವಾರದ ಮೇಲೆ ಫೋನು ಬಂತು. ಇಂಜಿನ್ನಿನ ಲೆಕ್ಕ ಮತ್ತೆ ಬದಲಾಯಿಸಿಕೊಂಡು ಬಂದಿದ್ದಾರೆ, ಗೇರು ಮತ್ತೆ ನಿಧಾನ. ಪೆಟ್ಟಿಗೆಗೆ ನಿಜವಾದ ತೂಕ ಹೇಳುವ ಹಾಗೆ ಲೆಕ್ಕ ಬರೆಸಿ, ಇಲ್ಲವಾದರೆ ತಟ್ಟೆಗಳು ಈ ಬೇಸಿಗೆ ದಾಟುವುದಿಲ್ಲ ಎಂದು ಹೇಳಿದೆವು. ಬರುವುದಾದರೆ ಹಳೇ ಬಾಕಿ 800 ತನ್ನಿ, ಓಡಿಸಿ ನೋಡುವವನು ನಮ್ಮ ಹುಡುಗನೇ, ಅದನ್ನೂ ಹೇಳಿದೆವು. "ನೋಡ್ತೀನಿ" ಅಂದರು. ಇದನ್ನು ಬರೆಯುವ ಹೊತ್ತಿಗೆ ಇನ್ನೂ ಬಂದಿಲ್ಲ.